ಗಲ್ಫ್‌ಗೆ ಹೋದವರಿಗೂ ಮನೆಯಲ್ಲಿ ಉಳಿದವರಿಗೂ ಚರ್ಚ್‌ನಲ್ಲಿ ನೆರವು ಕೇಂದ್ರ: ಯಾವುದು ಮೊದಲು, ಯಾವುದು ಆಮೇಲೆ

ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಚರ್ಚ್‌ಗಳು ಹೊರದೇಶದಲ್ಲಿ ದುಡಿಯುವವರಿಗಾಗಿ ಏನಾದರೂ ಮಾಡಬೇಕೆಂದು ಒಳ್ಳೆಯ ಮನಸ್ಸಿನಿಂದ ಹೊರಡುತ್ತವೆ. ಮೊದಲು ಒಂದು ವಾಟ್ಸಾಪ್ ಗುಂಪು ಆಗುತ್ತದೆ. ಡಿಸೆಂಬರ್‌ನಲ್ಲಿ ರಜೆಗೆ ಬಂದವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಮಾರ್ಚ್ ಹೊತ್ತಿಗೆ ಗುಂಪು ತಣ್ಣಗಾಗುತ್ತದೆ. ಆಮೇಲೆ ಒಂದು ರಾತ್ರಿ ಸೌದಿಯ ದಮ್ಮಾಮ್‌ನಿಂದ ಫೋನ್ ಬರುತ್ತದೆ, ನಿಮ್ಮ ಹುಡುಗ ಆಸ್ಪತ್ರೆಯಲ್ಲಿದ್ದಾನೆ ಎಂದು. ಅವನ ಪಾಸ್‌ಪೋರ್ಟ್ ನಂಬರ್ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕಂಪನಿ ಹೆಸರೂ ಗೊತ್ತಿರುವುದಿಲ್ಲ.

ನಾನು ನಮ್ಮ ಚರ್ಚ್‌ನಲ್ಲಿ ಈ ಕೆಲಸಕ್ಕೆ ಕೂತು ಕೆಲವು ವರ್ಷ ಆಯಿತು. ಬೇರೆ ಚರ್ಚ್‌ಗಳವರು ಬಂದು ಕೇಳುವ ಪ್ರಶ್ನೆ ಒಂದೇ: ‘ನಮ್ಮಲ್ಲಿ ಯಾಕೆ ನಿಂತು ಹೋಯಿತು?’ ಜನರಿಗೆ ಪ್ರೀತಿ ಕಡಿಮೆಯಾಗಿ ಅಲ್ಲ. ಕ್ರಮ ತಪ್ಪಿರುತ್ತದೆ, ಅಷ್ಟೇ. ಸನ್ಮಾನ, ದೇಣಿಗೆ, ಗುಂಪು ಇವೆಲ್ಲ ಮೊದಲು ಬಂದು, ಕಾಗದ ಪತ್ರ ಕೊನೆಗೆ ಬರುತ್ತದೆ. ಕಾಗದ ಮೊದಲು ಬರಬೇಕು. ವಿಮಾನ ಹತ್ತುವ ಮೊದಲೇ ಬರಬೇಕು.

## ಶುರು ಮಾಡುವ ಮೊದಲು ಬೇಕಾದದ್ದು

ಜಾಸ್ತಿ ಏನೂ ಬೇಡ. ಬೀಗ ಇರುವ ಒಂದು ಕಪಾಟು, ಗಟ್ಟಿ ರಟ್ಟಿನ ಒಂದು ರಿಜಿಸ್ಟರ್, ಕೇಂದ್ರಕ್ಕೆಂದೇ ಒಂದು ಮೊಬೈಲ್ ನಂಬರ್, ಸ್ಕ್ಯಾನ್ ಮಾಡಲು ಒಂದು ಫೋನ್. ನಂಬರ್ ಯಾರದೋ ಸ್ವಂತದ್ದಾಗಬಾರದು. ಆ ವ್ಯಕ್ತಿ ಊರು ಬಿಟ್ಟರೆ ಕೇಂದ್ರವೂ ಅವರ ಜೊತೆ ಹೋಗಿಬಿಡುತ್ತದೆ.

ಜನ ನಾಲ್ವರು ಸಾಕು. ಕಾಗದ ಓದಲು ಬರುವ ಒಬ್ಬರು: ನಿವೃತ್ತ ಬ್ಯಾಂಕ್ ನೌಕರರು ಸಿಕ್ಕಿದರೆ ಬಹಳ ಒಳ್ಳೆಯದು. ಗಲ್ಫ್‌ನಲ್ಲಿ ದುಡಿದು ವಾಪಸ್ ಬಂದ ಒಬ್ಬರು. ಉಳಿದ ಇಬ್ಬರು ಮಹಿಳೆಯರೇ ಆಗಿರಲಿ. ಗಂಡ ಹೊರದೇಶದಲ್ಲಿರುವ ಮನೆಗೆ ಗಂಡಸರ ತಂಡ ಹೋಗಿ ಕೂತರೆ ಆ ಹೆಣ್ಣುಮಗಳು ಬಾಯಿ ಬಿಡುವುದಿಲ್ಲ. ಅಕ್ಕಪಕ್ಕದವರ ಮಾತಿಗೂ ಅವಳೇ ಗುರಿಯಾಗುತ್ತಾಳೆ.

ಫಾದರ್ ಈ ತಂಡದ ಬೆನ್ನಿಗಿರಲಿ, ಆದರೆ ತಂಡ ಅವರೊಬ್ಬರ ಮೇಲೆ ನಿಲ್ಲಬಾರದು. ಅವರಿಗೆ ವರ್ಗಾವಣೆ ಆಗುತ್ತದೆ. ಪಾಲನಾ ಮಂಡಳಿಯಲ್ಲಿ ನಿರ್ಣಯ ಮಾಡಿ ಬರೆದಿಡಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಾದರೆ ಸಭಾಪಾಲಕರು ಮತ್ತು ಸಭಾ ಮಂಡಳಿ ಹೀಗೇ ಮಾಡಬಹುದು.

ಇನ್ನೊಂದು ವಿಷಯ ಮೊದಲ ದಿನವೇ ತೀರ್ಮಾನವಾಗಬೇಕು. ಬಾಗಿಲಿಗೆ ಬಂದವರ ಜಾತಿ, ಧರ್ಮ ಕೇಳುವುದಿಲ್ಲ. ಒಂದೇ ಕ್ಯಾಂಪ್‌ನ ಒಂದೇ ಕೋಣೆಯಲ್ಲಿ ನಮ್ಮ ಊರಿನ ಎಲ್ಲರೂ ಮಲಗುತ್ತಾರೆ ಅಲ್ವಾ? ಸಹಾಯ ಕೇಳಿ ಬಂದವರಿಗೆ ಅದೇ ಹೊತ್ತಿನಲ್ಲಿ ಮತಬೋಧನೆ ಮಾಡುವುದು ಬೇಡ. ಕಷ್ಟದಲ್ಲಿರುವವರಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ.

## ಹಂತ 1: ಪಟ್ಟಿ

ಮನೆ ಮನೆಗೆ ಹೋಗಿಯೇ ಪಟ್ಟಿ ಮಾಡಬೇಕು. ಪೂಜೆಯ ಕೊನೆಯಲ್ಲಿ ‘ಹೊರದೇಶದಲ್ಲಿ ಇರುವವರ ಹೆಸರು ಕೊಡಿ’ ಎಂದು ಪ್ರಕಟಣೆ ಮಾಡಿದರೆ ಚೆನ್ನಾಗಿ ಇರುವವರ ಹೆಸರು ಮಾತ್ರ ಬರುತ್ತದೆ. ಮನೆಕೆಲಸಕ್ಕೆ ಹೋದ ಹೆಂಗಸಿನ ಹೆಸರು, ವಿಸಿಟ್ ವೀಸಾದಲ್ಲಿ ಹೋಗಿ ಸಿಕ್ಕಿಬಿದ್ದ ಹುಡುಗನ ಹೆಸರು ಬರುವುದಿಲ್ಲ. ಪ್ರತಿ ವಾಳೆಯ (ಚರ್ಚ್‌ನ ಒಂದು ವಾರ್ಡ್) ಗುರ್ಕಾರ್‌ಗೆ, ಅಂದರೆ ಆ ವಾಳೆಯ ಮುಖಂಡರಿಗೆ, ಈ ಮನೆಗಳು ಗೊತ್ತಿರುತ್ತವೆ. ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಪ್ರತಿ ವ್ಯಕ್ತಿಗೆ ಒಂದು ಪುಟ ಕೊಡಿ. ಪಾಸ್‌ಪೋರ್ಟ್ ನಂಬರ್, ಅದರ ಅವಧಿ ಮುಗಿಯುವ ದಿನ, ದೇಶ ಮತ್ತು ಊರು, ಕಂಪನಿ ಅಥವಾ ಮನೆ ಮಾಲೀಕರ ಹೆಸರು ಮತ್ತು ಫೋನ್, ಅಲ್ಲಿಯ ಗುರುತಿನ ಚೀಟಿ ನಂಬರ್ (ಸೌದಿಯಾದರೆ ಇಖಾಮಾ, ಯುಎಇಯಾದರೆ ಎಮಿರೇಟ್ಸ್ ಐಡಿ), ಕಳಿಸಿದ ಏಜೆಂಟ್, ಜೊತೆಗಿರುವ ಒಬ್ಬ ಗೆಳೆಯನ ನಂಬರ್. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಫೋನ್ ಸ್ವಿಚ್ ಆಫ್ ಆದ ದಿನ ಉಪಯೋಗಕ್ಕೆ ಬರುವುದು ಅದೊಂದೇ.

ಪಟ್ಟಿ ಯಾಕೆ ಅಷ್ಟು ಮುಖ್ಯ? 2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ತೀರಿಹೋದರು. ಅಂಥ ದಿನ ‘ನಮ್ಮವರು ಯಾರಾದರೂ ಅಲ್ಲಿ ಇದ್ದಾರಾ’ ಎಂಬ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಉತ್ತರ ಸಿಗಬೇಕು. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್‌ನಲ್ಲಿ ಯುದ್ಧ ಶುರುವಾದಾಗಲೂ ಹೀಗೇ ಆಯಿತು. ಅಲ್ಲಿ ವಯಸ್ಸಾದವರ ಆರೈಕೆಗೆ ಹೋದ ಕರಾವಳಿಯವರು ಎಷ್ಟೋ ಜನ ಇದ್ದಾರೆ.

ಆಗುವ ತಪ್ಪು: ಪಟ್ಟಿಯನ್ನು ನೋಟಿಸ್ ಬೋರ್ಡ್‌ಗೆ ಅಂಟಿಸುವುದು, ಗುಂಪಿನಲ್ಲಿ ಹಾಕುವುದು. ನಾವೂ ಮೊದಲ ವರ್ಷ ಹೆಸರು, ನಂಬರ್ ಎಲ್ಲ ಒಂದು ಹಾಳೆಯಲ್ಲಿ ಮುದ್ರಿಸಿ ಹಂಚಿದೆವು. ತಿಂಗಳೊಳಗೆ ಒಬ್ಬ ತಾಯಿಗೆ ಕರೆ ಬಂತು: ‘ನಿಮ್ಮ ಮಗನಿಗೆ ಅಪಘಾತ ಆಗಿದೆ, ಕೂಡಲೇ 40,000 ರೂಪಾಯಿ ಹಾಕಿ.’ ಅವರು ಬಳೆ ಅಡವಿಡಲು ಹೊರಟಿದ್ದರು. ಪಕ್ಕದ ಮನೆಯವರು ತಡೆದದ್ದರಿಂದ ಉಳಿಯಿತು. ಅಂದಿನಿಂದ ರಿಜಿಸ್ಟರ್ ಕಪಾಟಿನಿಂದ ಹೊರಗೆ ಬರುವುದಿಲ್ಲ. ಬೀಗದ ಕೈ ಇಬ್ಬರ ಹತ್ತಿರ ಮಾತ್ರ ಇದೆ.

## ಹಂತ 2: ಹೊರಡುವವರ ಕಾಗದ ಓದುವುದು

ಕೇಂದ್ರದ ನಿಜವಾದ ಕೆಲಸ ಇದು. ಇಲ್ಲಿ ಒಂದು ಗಂಟೆ ಕೊಟ್ಟರೆ ಮುಂದೆ ಆರು ತಿಂಗಳ ಓಡಾಟ ಉಳಿಯುತ್ತದೆ. ಭಾನುವಾರ ಪೂಜೆಯ ನಂತರ ಒಂದು ಗಂಟೆ ಇದಕ್ಕೆಂದೇ ಇಡಿ. ಕಾಗದ ನೋಡುವ ಕ್ರಮ ಹೀಗಿರಲಿ.

ಮೊದಲು ಪಾಸ್‌ಪೋರ್ಟ್. ಅದರಲ್ಲಿ ಇಸಿಆರ್ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್, ಅಂದರೆ ಹೊರಡುವ ಮೊದಲು ಸರ್ಕಾರದ ತಪಾಸಣೆ ಬೇಕು) ಎಂದು ಇದೆಯಾ ನೋಡಿ. ಹತ್ತನೇ ತರಗತಿ ಪಾಸ್ ಆಗದವರಿಗೆ ಸಾಮಾನ್ಯವಾಗಿ ಈ ಪಾಸ್‌ಪೋರ್ಟ್ ಬರುತ್ತದೆ. ಇದ್ದರೆ ಸೌದಿ, ಯುಎಇ, ಕುವೈತ್, ಕತಾರ್, ಬಹ್ರೇನ್, ಓಮಾನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಇದನ್ನು ಕೊಡುವವರು ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಎಂಬ ಅಧಿಕಾರಿ. ನಮಗೆ ಬೆಂಗಳೂರಿನಲ್ಲಿ ಕಚೇರಿ ಇದೆ. ಅರ್ಜಿ ಹೋಗುವುದು ಇಮೈಗ್ರೇಟ್ ಎಂಬ ಸರ್ಕಾರಿ ಪೋರ್ಟಲ್ ಮೂಲಕ. ಇಸಿಆರ್ ಪಾಸ್‌ಪೋರ್ಟ್ ಇರುವ, 30 ವರ್ಷ ತುಂಬದ ಮಹಿಳೆಗೆ ಈ ದೇಶಗಳಲ್ಲಿ ಕೆಲಸಕ್ಕೆ ಅನುಮತಿ ಸಿಗುವುದಿಲ್ಲ. ‘ಪರವಾಗಿಲ್ಲ, ವಿಸಿಟ್ ವೀಸಾದಲ್ಲಿ ಕಳಿಸಿ ಅಲ್ಲಿ ಬದಲಾಯಿಸುತ್ತೇವೆ’ ಎಂದು ಏಜೆಂಟ್ ಹೇಳಿದರೆ ಅಲ್ಲೇ ನಿಲ್ಲಿಸಿ. ಹಾಗೆ ಹೋದವರ ವಿವರ ಸರ್ಕಾರದ ದಾಖಲೆಯಲ್ಲಿ ಇರುವುದಿಲ್ಲ. ಕಾಂಟ್ರಾಕ್ಟ್ ಇರುವುದಿಲ್ಲ, ವಿಮೆ ಇರುವುದಿಲ್ಲ.

ನಂತರ ಏಜೆಂಟ್. ಇಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಹೆಸರು ಮಾತ್ರ ಸಾಲದು, ಲೈಸೆನ್ಸ್ ನಂಬರ್ ಮತ್ತು ಅವಧಿ ಎರಡೂ ಹೊಂದಬೇಕು. ನಮ್ಮ ಊರಿನ ‘ಏಜೆಂಟ್’ ಬಹಳ ಸಲ ಮುಂಬೈಯ ಯಾರದೋ ಕೈಕೆಳಗಿನ ದಲ್ಲಾಳಿ ಆಗಿರುತ್ತಾರೆ. ಅವರಿಗೆ ಲೈಸೆನ್ಸ್ ಇರುವುದಿಲ್ಲ. ನೋಂದಾಯಿತ ಏಜೆಂಟ್ ಕೆಲಸ ಕೇಳಿ ಬರುವವರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ಲಕ್ಷಗಟ್ಟಲೆ ಕೇಳುತ್ತಾರೆ, ನಗದೇ ಬೇಕು ಅನ್ನುತ್ತಾರೆ, ರಸೀದಿ ‘ಆಮೇಲೆ’ ಅನ್ನುತ್ತಾರೆ: ಮೂರೂ ಅಪಾಯದ ಗುರುತು.

ಮೂರನೆಯದು ಕಾಂಟ್ರಾಕ್ಟ್. ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂದು ಬೇರೆ ಬೇರೆ ಬರೆದಿದೆಯಾ ನೋಡಿ. ಒಟ್ಟು ಸಂಬಳ ದೊಡ್ಡದಾಗಿ ಕಂಡು ಮೂಲ ವೇತನ ಚಿಕ್ಕದಾದರೆ ಕೊನೆಯಲ್ಲಿ ಪೆಟ್ಟು ಬೀಳುತ್ತದೆ. ಯುಎಇಯಲ್ಲಿ ಸೇವೆಯ ಕೊನೆಗೆ ಕೊಡುವ ಗ್ರಾಚ್ಯುಟಿ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ವೀಸಾದಲ್ಲಿ ಬರೆದ ಕೆಲಸ, ಕಾಂಟ್ರಾಕ್ಟ್‌ನಲ್ಲಿ ಬರೆದ ಕೆಲಸ, ಏಜೆಂಟ್ ಬಾಯಲ್ಲಿ ಹೇಳಿದ ಕೆಲಸ, ಮೂರೂ ಒಂದೇ ಆಗಿರಬೇಕು. ‘ಫ್ರೀ ವೀಸಾ’ ಅಥವಾ ‘ಆಜಾದ್ ವೀಸಾ’ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಯಾರದೋ ಹೆಸರಿನಲ್ಲಿ ವೀಸಾ ತೆಗೆದು ಬೇರೆ ಕಡೆ ಕೆಲಸ ಮಾಡಿಸುವುದು ಅದು. ಸಿಕ್ಕಿಬಿದ್ದರೆ ಶಿಕ್ಷೆ ಕೆಲಸಗಾರನಿಗೂ ಆಗುತ್ತದೆ.

ನಾಲ್ಕನೆಯದು ವಿಮೆ. ಪ್ರವಾಸಿ ಭಾರತೀಯ ವಿಮಾ ಯೋಜನೆ ಇಸಿಆರ್‌ನವರಿಗೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ತೆರಿಗೆ ಬೇರೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷದವರೆಗೆ ಸಿಗುತ್ತದೆ. ಪಾಲಿಸಿ ಮಾಡಿಸಿ ಎಲ್ಲಿಟ್ಟರೆಂದು ಮನೆಯವರಿಗೆ ತಿಳಿಯದೆ ಹಣ ಕೈತಪ್ಪುವುದುಂಟು. ಪಾಲಿಸಿಯ ಒಂದು ನಕಲು ಕೇಂದ್ರದಲ್ಲಿರಲಿ, ನಾಮಿನಿ ಹೆಸರು ಸರಿ ಇದೆಯಾ ನೋಡಿ.

ಇಷ್ಟಾದ ಮೇಲೆ ಎಲ್ಲ ಕಾಗದದ ಎರಡು ನಕಲು. ಒಂದು ಮನೆಗೆ, ಒಂದು ಕೇಂದ್ರಕ್ಕೆ. ಫೋನ್‌ನಲ್ಲಿ ಫೋಟೋ ಇದೆ ಎಂದು ಬಿಡಬೇಡಿ. ತೊಂದರೆ ಬಂದಾಗ ಮೊದಲು ಕೈತಪ್ಪುವುದು ಫೋನೇ.

ಹೊರಡುವ ಹಿಂದಿನ ವಾರ ಚೀಲದ ಬಗ್ಗೆ ಮಾತಾಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಗಸಗಸೆ ಯುಎಇ, ಸೌದಿ, ಕತಾರ್‌ನಲ್ಲಿ ನಿಷಿದ್ಧ. ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಅದು ಇರುತ್ತದೆ, ತಾಯಿ ಪ್ರೀತಿಯಿಂದ ಕಟ್ಟಿಕೊಡುತ್ತಾರೆ. ಟ್ರಮಡಾಲ್, ಕೋಡೀನ್ ಎಂಬ ನೋವಿನ ಮದ್ದು ಇರುವ ಮಾತ್ರೆ, ಸಿರಪ್ ಅನ್ನು ಮುಂಗಡ ಅನುಮತಿ ಇಲ್ಲದೆ ಒಯ್ಯುವುದೂ ಹಾಗೇ. ‘ನನ್ನ ತಮ್ಮನಿಗೆ ಒಂದು ಪೊಟ್ಟಣ ಕೊಡಿ’ ಎಂದು ಯಾರೇ ಕೊಟ್ಟರೂ ಬಿಚ್ಚಿ ನೋಡದೆ ಒಯ್ಯಬಾರದು. ಗಲ್ಫ್‌ನಲ್ಲಿ ಮಾದಕ ವಸ್ತುವಿನ ಕೇಸ್‌ನಲ್ಲಿ ಸಿಕ್ಕಿದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತಿನಿಂದ ಹೊರಗೆ ಬರುವುದು ತೀರಾ ಕಷ್ಟ. ಸೌದಿಗೆ ಹೋಗುವವರ ಕೈಯಲ್ಲಿ ಹಂಚಲೆಂದು ಪ್ರಾರ್ಥನೆ ಪುಸ್ತಕದ ಕಟ್ಟು ಕೊಡಬೇಡಿ.

ಓದಿದ ಹುಡುಗರಿಗೂ ಇದೇ ಪರಿಶೀಲನೆ ಬೇಕು. ಥಾಯ್ಲೆಂಡ್‌ನಲ್ಲಿ ‘ಡೇಟಾ ಎಂಟ್ರಿ’ ಕೆಲಸ ಎಂದು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ್ದು ನಡೆದಿದೆ. ಥಾಯ್ಲೆಂಡ್‌ನ ವೀಸಾ ಆನ್ ಅರೈವಲ್‌ನಲ್ಲಿ ಕೆಲಸ ಮಾಡಲು ಬರುವುದಿಲ್ಲ.

ಆಗುವ ದೊಡ್ಡ ತಪ್ಪು: ಚರ್ಚ್ ತಾನೇ ಕೆಲಸ ಕೊಡಿಸಲು ಹೊರಡುವುದು. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಯಾರೂ ಹೊರದೇಶಕ್ಕೆ ನೇಮಕಾತಿ ಮಾಡುವಂತಿಲ್ಲ. ಬಯೋಡೇಟಾ ಸಂಗ್ರಹಿಸಿ ಪರಿಚಯದ ಏಜೆಂಟ್‌ಗೆ ಕಳಿಸಿದರೆ ನಿಮ್ಮ ಸ್ವಯಂಸೇವಕರೇ ದಲ್ಲಾಳಿಯಾಗುತ್ತಾರೆ. ಗುಂಪಿನಲ್ಲಿ ಕೆಲಸದ ಜಾಹೀರಾತು ಹಾಕಲು ಬಿಡಬೇಡಿ. ‘ಚರ್ಚ್ ಗುಂಪಿನಲ್ಲಿ ಬಂದದ್ದು’ ಎಂದು ಜನ ಕಣ್ಣುಮುಚ್ಚಿ ನಂಬುತ್ತಾರೆ.

## ಹಂತ 3: ಮನೆಯಲ್ಲಿ ಉಳಿದವರು

ವಿಮಾನ ಹೋದ ಮರುದಿನದಿಂದ ಎರಡನೇ ಕೆಲಸ ಶುರು. ಮೊದಲ ಭೇಟಿ ಹದಿನೈದು ದಿನದೊಳಗೆ ಆಗಬೇಕು. ಆಮೇಲೆ ಎರಡು ತಿಂಗಳಿಗೊಮ್ಮೆ ಸಾಕು. ಇಬ್ಬರು ಮಹಿಳೆಯರು ಹೋಗಲಿ. ಕೈಯಲ್ಲಿ ಫಾರಂ ಹಿಡಿದು ಹೋಗಬೇಡಿ. ಚಹಾ ಕುಡಿಯುತ್ತಾ ಮಾತಾಡಿ.

ಕೇಳಿಸಿಕೊಳ್ಳಬೇಕಾದ್ದು ಮೂರು: ಹಣ ಬರುತ್ತಿದೆಯಾ, ಯಾರ ಖಾತೆಗೆ ಬರುತ್ತಿದೆ, ಹೋಗಲು ಮಾಡಿದ ಸಾಲ ಎಷ್ಟು ಉಳಿದಿದೆ. ಹಣವೆಲ್ಲ ಅಣ್ಣನ ಖಾತೆಗೆ ಬಂದು, ಹೆಂಡತಿ ಮಗುವಿನ ಶಾಲೆ ಫೀಸಿಗೆ ಭಾವನ ಮುಂದೆ ಕೈಚಾಚುವ ಸ್ಥಿತಿ ನಮ್ಮಲ್ಲಿ ಬಹಳ ಇದೆ. ಹೊರಡುವ ಮೊದಲೇ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿ. ಗಂಡ ಎನ್‌ಆರ್‌ಇ ಖಾತೆ (ಹೊರದೇಶದ ದುಡಿಮೆ ಇಡಲು ಅನಿವಾಸಿ ಭಾರತೀಯರಿಗಿರುವ ಬ್ಯಾಂಕ್ ಖಾತೆ) ತೆರೆಯಲಿ, ನಾಮಿನಿ ಹಾಕಲಿ. ಮನೆ ಖರ್ಚಿಗೆ ಹೆಂಡತಿಯ ಸ್ವಂತ ಖಾತೆಗೆ ತಿಂಗಳಿಗೆ ಇಷ್ಟೆಂದು ಹೋಗಲಿ. ಇದು ಸಂಸಾರದ ಒಳಗೆ ಕೈ ಹಾಕಿದಂತೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹತ್ತು ವರ್ಷ ದುಡಿದು ಬಂದು, ಜಾಗ ಬೇರೆಯವರ ಹೆಸರಿನಲ್ಲಿದೆ ಎಂದು ಗೊತ್ತಾದ ದಿನ ಅವರು ಅಳುವುದು ಚರ್ಚ್ ಅಂಗಳದಲ್ಲೇ ಅಲ್ವಾ?

ಜಾಗದ ವ್ಯವಹಾರಕ್ಕೆ ಅಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸಿದರೆ ಒಂದು ಮಾತು ನೆನಪಿಸಿ. ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಕಾಗದ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಿಸಬೇಕು. ಕಪಾಟಿನಲ್ಲಿಟ್ಟು ಮರೆತರೆ ತೊಡಕಾಗುತ್ತದೆ.

ವಯಸ್ಸಾದ ತಂದೆತಾಯಿ ಮಾತ್ರ ಇರುವ ಮನೆಗಳಿಗೆ ಬೇರೆಯೇ ಪಟ್ಟಿ ಮಾಡಿ. ಅವರಿಗೆ ಬೇಕಾದದ್ದು ಆಸ್ಪತ್ರೆಗೆ ಕರೆದೊಯ್ಯುವ ಒಬ್ಬ ಮನುಷ್ಯ, ಬ್ಯಾಂಕಿಗೆ ಹೋಗಲು ಒಂದು ರಿಕ್ಷಾ, ಸಂಜೆ ತೇರ್ಸ್‌ಗೆ (ಜಪಮಾಲೆ ಪ್ರಾರ್ಥನೆ) ಜೊತೆಗೆ ಕೂರುವವರು. ಯುವಜನರ ಸಂಘಕ್ಕೆ ಈ ಜವಾಬ್ದಾರಿ ಕೊಡಿ, ಮನೆ ಹಂಚಿ ಕೊಡಿ. ‘ಎಲ್ಲರೂ ನೋಡಿಕೊಳ್ಳಿ’ ಎಂದರೆ ಯಾರೂ ಹೋಗುವುದಿಲ್ಲ.

ಎಚ್ಚರದ ಗುರುತು: ಎರಡು ತಿಂಗಳು ಹಣ ಬಂದಿಲ್ಲ. ಮನೆಯಾಕೆ ವಾಳೆಯ ಸಭೆಗೆ ಬರುವುದನ್ನು ನಿಲ್ಲಿಸಿದ್ದಾರೆ. ಕಿವಿಯ ಚಿನ್ನ ಇಲ್ಲ. ಮೈಕ್ರೋ ಫೈನಾನ್ಸ್‌ನವರು ಮನೆ ಬಾಗಿಲಿಗೆ ಬರುತ್ತಿದ್ದಾರೆ. ಚೆನ್ನಾಗಿ ಓದುತ್ತಿದ್ದ ಮಗು ಶಾಲೆ ತಪ್ಪಿಸುತ್ತಿದೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಮುಂದಿನ ಭೇಟಿಗೆ ಕಾಯಬೇಡಿ.

ಭೇಟಿಯಲ್ಲಿ ಕೇಳಿದ್ದು ಹೊರಗೆ ಬಂದರೆ ಕೇಂದ್ರ ಅಂದೇ ಮುಗಿಯಿತು. ಒಂಟಿಯಾಗಿರುವ ಹೆಂಗಸಿನ ನಡತೆ ಕಾಯುವುದು ನಮ್ಮ ಕೆಲಸವಲ್ಲ. ಆ ಬುದ್ಧಿ ಇರುವವರನ್ನು ತಂಡಕ್ಕೆ ಸೇರಿಸಬೇಡಿ.

## ಹಂತ 4: ಅಲ್ಲಿಯ ಚರ್ಚ್ ಜೊತೆ ಸಂಪರ್ಕ

ಕ್ಯಾಥೊಲಿಕರಿಗೆ ಯುಎಇ ಮತ್ತು ಓಮಾನ್ ದಕ್ಷಿಣ ಅರೇಬಿಯಾದ ಅಪೊಸ್ತಲಿಕ್ ವಿಕಾರಿಯೇಟ್ (ಧರ್ಮಪ್ರಾಂತ್ಯದಂಥ ಆಡಳಿತ ವಿಭಾಗ) ಕೆಳಗೆ ಬರುತ್ತವೆ, ಕೇಂದ್ರ ಅಬುಧಾಬಿ. ಕುವೈತ್, ಬಹ್ರೇನ್, ಕತಾರ್, ಸೌದಿ ಉತ್ತರ ಅರೇಬಿಯಾಕ್ಕೆ ಸೇರಿವೆ. ದುಬೈಯ ಸೇಂಟ್ ಮೇರೀಸ್, ದೋಹಾದ ಅವರ್ ಲೇಡಿ ಆಫ್ ದಿ ರೋಸರಿ, ಮನಾಮಾದ ಸೇಕ್ರೆಡ್ ಹಾರ್ಟ್ ಇವೆಲ್ಲ ದೊಡ್ಡ ಚರ್ಚ್‌ಗಳು. ಹೊರಡುವವರ ಕೈಗೆ ಫಾದರ್ ಸಹಿಯ ಒಂದು ಪರಿಚಯ ಪತ್ರ ಕೊಡಿ. ಹತ್ತಿರದ ಚರ್ಚ್ ಹೆಸರು, ಅಲ್ಲಿರುವ ನಮ್ಮ ಊರಿನ ಒಬ್ಬರ ನಂಬರ್ ಅದರಲ್ಲಿರಲಿ.

ಕ್ಯಾಂಪ್‌ನಲ್ಲಿ ಇರುವವರಿಗೆ ಚರ್ಚ್ ದೂರ, ಟ್ಯಾಕ್ಸಿಗೆ ಹಣ ಇಲ್ಲ, ರಜೆ ಸಿಗುವುದಿಲ್ಲ. ‘ಚರ್ಚ್‌ಗೆ ಹೋಗುತ್ತೀಯಾ’ ಎಂದು ಕೇಳುವ ಮೊದಲು ‘ರಜೆ ಯಾವ ದಿನ, ಬಸ್ ಇದೆಯಾ’ ಎಂದು ಕೇಳಿ. ಸೌದಿಯಲ್ಲಿ ಚರ್ಚ್ ಇಲ್ಲ, ಬಹಿರಂಗ ಪ್ರಾರ್ಥನೆಗೆ ಅವಕಾಶ ಇಲ್ಲ. ಅಲ್ಲಿರುವವರಿಗೆ ಪ್ರಾರ್ಥನಾ ಕೂಟದ ವಿವರ, ಹೆಸರು, ಫೋಟೋ ಗುಂಪಿನಲ್ಲಿ ಹಾಕುವುದು ಅಪಾಯ. ಹಾಕಬೇಡಿ, ಅವರಿಂದ ಕೇಳಲೂ ಬೇಡಿ.

ಕರೆ ಮಾಡುವ ವಿಷಯ: ಯುಎಇಯಲ್ಲಿ ವಾಟ್ಸಾಪ್ ಕರೆ ಸಾಮಾನ್ಯವಾಗಿ ಹೋಗುವುದಿಲ್ಲ. ಸಂದೇಶ, ಧ್ವನಿ ಸಂದೇಶ ಹೋಗುತ್ತದೆ. ಕರೆಗೆ ಬೋಟಿಮ್ ಎಂಬ ಆ್ಯಪ್ ಬಳಸುತ್ತಾರೆ. ನಮ್ಮ ರಾತ್ರಿ 9 ಗಂಟೆ ಅಂದರೆ ದುಬೈಯಲ್ಲಿ 7.30, ಸೌದಿ ಮತ್ತು ಕುವೈತ್‌ನಲ್ಲಿ 6.30. ಕೇಂದ್ರದ ಫೋನ್ ನಮ್ಮ ರಾತ್ರಿ 9ರಿಂದ 10.30ರವರೆಗೆ ಯಾರಾದರೂ ಎತ್ತುವಂತಿರಲಿ.

## ಹಂತ 5: ತೊಂದರೆಯ ಕರೆ ಬಂದಾಗ

ಮೊದಲ ಮಾತು ‘ಈಗ ಎಲ್ಲಿದ್ದೀಯ ಮಗಾ? ಊಟ ಆಯ್ತಾ?’ ಎಂದಿರಲಿ. ಕಾಗದ ಆಮೇಲೆ. ಭಯದಲ್ಲಿರುವವರು ಮೊದಲ ಐದು ನಿಮಿಷ ಹೇಳುವುದು ಹಿಂದೆ ಮುಂದೆ ಆಗಿರುತ್ತದೆ. ಮಧ್ಯೆ ಬಾಯಿ ಹಾಕಬೇಡಿ.

ನಂತರ ಬರೆದುಕೊಳ್ಳಿ: ಸಂಬಳ ಎಷ್ಟು ತಿಂಗಳಿನದ್ದು ಬಾಕಿ, ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ, ಹೊಡೆತ ಇದೆಯಾ, ಹೊರಗೆ ಹೋಗಲು ಬಿಡುತ್ತಾರಾ, ಗುರುತಿನ ಚೀಟಿಯ ಅವಧಿ ಮುಗಿದಿದೆಯಾ. ನಿಮ್ಮ ಮಾತಿನಲ್ಲಿ ತಿದ್ದಬೇಡಿ. ಅವರು ಹೇಳಿದಂತೆಯೇ ಬರೆಯಿರಿ.

ಆಮೇಲೆ ಕ್ರಮವಾಗಿ:

1. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಮನೆಯವರ ಹೆಸರಿನಲ್ಲಿ ದೂರು ದಾಖಲಿಸಿ. ಒಂದು ದೂರಿನ ನಂಬರ್ ಬರುತ್ತದೆ. ಅದನ್ನು ರಿಜಿಸ್ಟರ್‌ನಲ್ಲಿ ಬರೆಯಿರಿ. ಮುಂದಿನ ಪ್ರತಿ ಪತ್ರದಲ್ಲೂ ಈ ನಂಬರ್ ಇರಬೇಕು.
2. ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಇಮೇಲ್. ಪಾಸ್‌ಪೋರ್ಟ್ ನಕಲು, ವೀಸಾ, ಕಾಂಟ್ರಾಕ್ಟ್ ಜೊತೆಗಿರಲಿ. ಹಂತ 1 ಮತ್ತು 2 ಸರಿ ಮಾಡಿದ್ದರೆ ಇದು ಅರ್ಧ ಗಂಟೆಯ ಕೆಲಸ.
3. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್. ಭಾರತದೊಳಗಿನಿಂದ ಉಚಿತ ನಂಬರ್ 1800113090.
4. ಬೆಂಗಳೂರಿನ ಅನಿವಾಸಿ ಭಾರತೀಯ ಸಮಿತಿಗೆ, ಶಾಸಕರು, ಸಂಸದರ ಕಚೇರಿಗೆ ಅದೇ ನಂಬರ್ ಇಟ್ಟು ಪತ್ರ.
5. ಏಜೆಂಟ್ ಮೋಸ ಮಾಡಿದ್ದರೆ ಇಲ್ಲಿಯ ಪೊಲೀಸ್ ಠಾಣೆಯಲ್ಲಿ ದೂರು, ಇಮೈಗ್ರೇಟ್‌ನಲ್ಲೂ ದೂರು.

‘ಓಡಿ ಬಾ’ ಎಂದು ಫೋನ್‌ನಲ್ಲಿ ಹೇಳಬೇಡಿ. ಕೆಲಸದ ಜಾಗ ಬಿಟ್ಟು ಹೋದರೆ ಮಾಲೀಕ ಪರಾರಿ ದೂರು ಕೊಡಬಹುದು. ಸೌದಿಯಲ್ಲಿ ಇದನ್ನು ಹುರೂಬ್ ಎನ್ನುತ್ತಾರೆ. ಅದು ಬಿದ್ದರೆ ಊರಿಗೆ ಬರುವ ದಾರಿ ಇನ್ನೂ ಉದ್ದವಾಗುತ್ತದೆ. ಆದರೆ ಹೊಡೆತ, ಲೈಂಗಿಕ ಹಿಂಸೆ, ಜೀವಭಯ ಇದ್ದರೆ ಲೆಕ್ಕ ಬೇರೆ. ಆಗ ಹೊರಗೆ ಬರುವುದೇ ಸರಿ. ಬಂದು ನೇರ ಭಾರತೀಯ ರಾಯಭಾರ ಕಚೇರಿಗೆ ಹೋಗಲಿ, ಯಾರದೋ ಪರಿಚಯದವರ ಕೋಣೆಗೆ ಅಲ್ಲ. ಬೇರೆ ಮನೆಯಲ್ಲಿ ಕೆಲಸ ಕೊಡಿಸುತ್ತೇನೆ ಎನ್ನುವವರು ಇಂಥ ಹೊತ್ತಿನಲ್ಲೇ ಎದುರಾಗುತ್ತಾರೆ.

ಅಳುವ ವಿಡಿಯೋ ಹರಡಬೇಡಿ. ಮಾಲೀಕರ ಹೆಸರು ಹೇಳುವ ವಿಡಿಯೋ ಅಲ್ಲಿ ಮಾನಹಾನಿ, ಸೈಬರ್ ಅಪರಾಧದ ಕೇಸ್ ಆಗಬಹುದು, ಅದೂ ವಿಡಿಯೋದಲ್ಲಿ ಅತ್ತವರ ಮೇಲೆಯೇ. ದೂರಿನ ನಂಬರ್ ಬಂದು ಹದಿನೈದು ದಿನವಾದರೂ ಏನೂ ಆಗದಿದ್ದರೆ ಮತ್ತೆ ಬರೆಯಿರಿ. ಪ್ರತಿ ವಾರ ಬರೆಯಿರಿ. ನಡುವೆ ನಿಲ್ಲಿಸಿದ್ದರಿಂದಲೇ ತಣ್ಣಗಾದ ಕೇಸ್‌ಗಳನ್ನು ನೋಡಿದ್ದೇನೆ.

ಟಿಕೆಟ್‌ಗೆ, ಆಸ್ಪತ್ರೆಗೆ, ವಕೀಲರಿಗೆ ಹಣವಿಲ್ಲ ಎಂದಾದರೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ನಿಜವಾಗಿ ಗತಿಯಿಲ್ಲದವರಿಗೆ ಕೊಡುತ್ತಾರೆ. ಹೆಸರು ಹಿಡಿದು ಕೇಳಬೇಕು.

## ಹಂತ 6: ಸಾವಿನ ಸುದ್ದಿ

ಸುದ್ದಿ ಖಚಿತವಾಗುವ ಮೊದಲು ಮನೆಗೆ ಹೋಗಬೇಡಿ. ಕಂಪನಿ ಅಥವಾ ರಾಯಭಾರ ಕಚೇರಿ ಹೇಳಬೇಕು. ಖಚಿತವಾದ ಮೇಲೆ ಫಾದರ್, ಗುರ್ಕಾರ್, ಮನೆಗೆ ಹತ್ತಿರದ ಒಬ್ಬ ಹೆಂಗಸು, ಮೂವರೂ ಒಟ್ಟಿಗೆ ಹೋಗಿ. ಒಬ್ಬರು ಅಲ್ಲೇ ಉಳಿಯಬೇಕು. ಮನೆಯವರ ಫೋನ್ ಅವರು ಎತ್ತಲಿ.

ಪಾರ್ಥಿವ ಶರೀರ ತರಲು ಬೇಕಾಗುವುದು: ಅಲ್ಲಿಯ ಮರಣ ಪ್ರಮಾಣಪತ್ರ, ಎಂಬಾಮಿಂಗ್ (ಶರೀರ ಕೆಡದಂತೆ ಮಾಡುವುದು) ಪ್ರಮಾಣಪತ್ರ, ರಾಯಭಾರ ಕಚೇರಿ ರದ್ದು ಮಾಡಿದ ಪಾಸ್‌ಪೋರ್ಟ್ ಮತ್ತು ನಿರಾಕ್ಷೇಪಣಾ ಪತ್ರ, ಸಹಜ ಸಾವಲ್ಲದಿದ್ದರೆ ಪೊಲೀಸ್ ಅನುಮತಿ. ಇಲ್ಲಿಂದ ಹೋಗಬೇಕಾದದ್ದು ವಾರಸುದಾರರ ಒಪ್ಪಿಗೆ ಪತ್ರ, ನೋಟರಿ ಮಾಡಿಸಿದ್ದು. ಅದರಲ್ಲಿ ಯಾರಿಗೆ ಅಧಿಕಾರ ಕೊಡುತ್ತೀರಿ ಎಂದು ಸ್ಪಷ್ಟವಾಗಿರಲಿ. ಇದು ತಡವಾದಷ್ಟೂ ಎಲ್ಲವೂ ತಡ. ಅಂತ್ಯಕ್ರಿಯೆಯ ದಿನವನ್ನು ವಿಮಾನ ಹೊರಟಿತು ಎಂಬ ಖಚಿತ ಮಾತು ಬರುವವರೆಗೆ ಪ್ರಕಟಿಸಬೇಡಿ. ಎರಡು ಸಲ ದಿನ ಬದಲಾದರೆ ಆ ಮನೆಯವರು ಎರಡು ಸಲ ಸಾಯುತ್ತಾರೆ.

ಕಂಪನಿ ಕಳಿಸಿದ ಯಾವ ಕಾಗದಕ್ಕೂ ಓದದೆ ಸಹಿ ಬೇಡ. ‘ಬಾಕಿ ಏನೂ ಇಲ್ಲ’ ಎಂಬ ಸಾಲು ಅದರೊಳಗೆ ಇರಬಹುದು. ಬಾಕಿ ಸಂಬಳ, ಗ್ರಾಚ್ಯುಟಿ, ಪರಿಹಾರ, ವಿಮೆ, ನಾಲ್ಕೂ ಬೇರೆ ಬೇರೆ. ಮೂಲ ಮರಣ ಪ್ರಮಾಣಪತ್ರ ಯಾರಿಗೂ ಬಿಟ್ಟುಕೊಡಬಾರದು. ಬ್ಯಾಂಕ್, ವಿಮೆ ಎಲ್ಲಕ್ಕೂ ಅದು ಬೇಕಾಗುತ್ತದೆ. ತಿಂಗಳ ಪೂಜೆ ಮುಗಿದ ಮೇಲೂ ಈ ಮನೆಯ ಪುಟವನ್ನು ರಿಜಿಸ್ಟರ್‌ನಲ್ಲಿ ತೆರೆದೇ ಇಡಿ. ಹಣ ಬರಲು ವರ್ಷ ಹಿಡಿಯಬಹುದು.

## ಹಂತ 7: ಹಣ

ಚಿಕ್ಕ ವಿಷಯ, ಆದರೆ ಕೇಂದ್ರಗಳು ಒಡೆಯುವುದು ಇಲ್ಲೇ. ಯುಎಇಯಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹ ಅಪರಾಧ. ‘ಅಲ್ಲಿ ಎಲ್ಲರಿಂದ ಒಟ್ಟು ಮಾಡಿ ಕಳಿಸು’ ಎಂದು ನಮ್ಮ ಹುಡುಗರಿಗೆ ಹೇಳಬೇಡಿ. ಭಾರತೀಯ ನಾಗರಿಕರು ತಮ್ಮ ಸ್ವಂತ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಎಫ್‌ಸಿಆರ್‌ಎ (ವಿದೇಶಿ ಕೊಡುಗೆ ನಿಯಂತ್ರಣ ಕಾಯ್ದೆ) ಪ್ರಕಾರ ಅದು ವಿದೇಶಿ ಕೊಡುಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ಕೊಡುಗೆ ಆಗುತ್ತದೆ, ನೋಂದಣಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಕೊಟ್ಟವರ ಪಾಸ್‌ಪೋರ್ಟ್ ನಕಲು ರಸೀದಿ ಜೊತೆ ಇಡಿ. ಕೇಂದ್ರದ ಲೆಕ್ಕ ಚರ್ಚ್ ಹಬ್ಬದ ಲೆಕ್ಕದೊಳಗೆ ಸೇರಬಾರದು.

## ಹಂತ 8: ವಾಪಸ್ ಬಂದವರು

ಸೋತು ಬಂದವರು ಮೊದಲ ಕೆಲವು ವಾರ ಚರ್ಚ್‌ಗೆ ಬರುವುದಿಲ್ಲ. ಬಂದರೂ ಹಿಂದಿನ ಬೆಂಚಿನಲ್ಲಿ ಕೂತು ಬೇಗ ಹೊರಡುತ್ತಾರೆ. ‘ಯಾವಾಗ ವಾಪಸ್?’ ಎಂದು ಎಲ್ಲರೂ ಕೇಳುತ್ತಾರೆ, ಅದೇ ಅವರಿಗೆ ನೋವು. ಗುರ್ಕಾರ್‌ಗೆ ಮೊದಲೇ ಹೇಳಿಡಿ, ಆ ಪ್ರಶ್ನೆ ಬೇಡ. ಬಾಕಿ ಸಂಬಳದ ಕಾಗದ ಏನಾದರೂ ತಂದಿದ್ದಾರಾ ನೋಡಿ. ಏಜೆಂಟ್ ಮೇಲೆ ದೂರು ಕೊಡುವುದಿದ್ದರೆ ತಡಮಾಡದೆ ಬರೆಸಿ. ಸ್ವಲ್ಪ ದಿನ ಕಳೆದ ಮೇಲೆ, ಅವರಿಗೆ ಮನಸ್ಸಿದ್ದರೆ, ಭಾನುವಾರ ಕಾಗದ ಓದುವ ಮೇಜಿನಲ್ಲಿ ಒಂದು ಕುರ್ಚಿ ಕೊಡಿ. ಹೊರಡಲು ನಿಂತ ಹುಡುಗ ನಮ್ಮ ಮಾತಿಗಿಂತ ಅವರ ಮಾತು ಕೇಳುತ್ತಾನೆ.